ಐದನೆಯ ಶೀಲ, ಎರಡು ಗುಳಿಗೆ

ದೇವಾನಂದ ಕುಡಿಯುವುದನ್ನು ಬಿಟ್ಟು ಐವತ್ತು ದಿನವಾಗಿತ್ತು. ದಿನ ಎಣಿಸುತ್ತಿದ್ದವನು ಅವನಲ್ಲ, ಅವನ ಅಪ್ಪ ಭಾಗಪ್ಪ. ತಿಕೋಟಾ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕುಳಿತು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

“ಐವತ್ತ ದಿನ ಆತು. ಒಂದ ಹನಿ ಮುಟ್ಟಿಲ್ಲ. ನಸುಕಿನ್ಯಾಗ ಮೂರಕ್ಕ ಏಳ್ತಾನ. ಎರಡ ದಿನದ ಕೆಲಸ ಒಂದ ದಿನಕ್ಕ ಮುಗಸಾಕತ್ತಾನ. ಮಗಾ ಅಂದ್ರ ಹಿಂಗಿರಬೇಕ ನೋಡ್ರಿ.”

“ಮೂರಕ್ಕ ಎದ್ದು ಏನ ಮಾಡ್ತಾನ ಕಾಕಾ? ಬಳ್ಳಿ ಜೋಡಿ ಮಾತಾಡ್ತಾನೇನು?” ಎಂದ ಅಯೂಬ. ಅವನು ದೇವಾನಂದನ ಗ್ಯಾಂಗಿನಲ್ಲೇ ದ್ರಾಕ್ಷಿ ಬಳ್ಳಿಯ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುವವನು, ಬಾಲ್ಯದ ಗೆಳೆಯ.

“ನಿನಗ್ಯಾಕೋ ಹೊಟ್ಟಿಕಿಚ್ಚು? ನೀ ಏಳಕ್ಕ ಏಳು, ಯಾರ ಬ್ಯಾಡ ಅಂತಾರ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಯೂಬ ನಗಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಭಾಗಪ್ಪನಿಗೆ ಹೆಮ್ಮೆ ಪಡಲು ಕಾರಣಗಳಿದ್ದವು. ತಿಕೋಟಾದಿಂದ ಬಬಲೇಶ್ವರದ ತನಕ ಅವನ ಕತ್ರಿ ಆಡದ ದ್ರಾಕ್ಷಿ ತೋಟ ಇರಲಿಲ್ಲ. ಯಾವ ಕಡ್ಡಿಯಲ್ಲಿ ಎಷ್ಟನೆಯ ಚಿಗುರುಗಣ್ಣಿಗೆ ಹಣ್ಣು ಕೂತಿದೆ ಎಂದು ಬೆರಳಿನಿಂದ ಸವರಿಯೇ ಹೇಳುತ್ತಿದ್ದ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಸಾರಾಯಿ ಬಿಟ್ಟವನು ಮತ್ತೆ ಮೂಸಿ ನೋಡಿರಲಿಲ್ಲ. ಕೊಟ್ಟ ಮಾತು ತಪ್ಪಿದವನಲ್ಲ. ‘ನಂದ ತಪ್ಪಾತು’ ಎಂದು ಬಾಯಿಬಿಟ್ಟು ಹೇಳಿದ್ದನ್ನೂ ಯಾರೂ ಕೇಳಿರಲಿಲ್ಲ.

ಅಂಥವನ ಮಗ ಎಂಟು ವರ್ಷ ಕುಡಿದ. ಅದರ ಮೇಲೆ, ಎರಡು ವರ್ಷದ ಹಿಂದೆ ಇನ್ನೊಂದು ಬಂತು. ದೇವಾನಂದ ಆರು ದಿನ ಕಣ್ಣು ಮುಚ್ಚಲಿಲ್ಲ. ನೀರಿನ ಟಾಕಿ ಹತ್ತಿ ನಿಂತು ಭಾಷಣ ಮಾಡಿದ. ಆಮೇಲೆ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ತಂಗಿ ದಾನೇಶ್ವರಿ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳೇ ಅಣ್ಣನನ್ನು ಎಳೆದುಕೊಂಡು ಹೋಗಿ ಮಾನಸಿಕ ರೋಗದ ಡಾಕ್ಟರಿಗೆ ತೋರಿಸಿದಳು. ದಿನಕ್ಕೆ ಎರಡು ಗುಳಿಗೆ. ತಲೆ ನೆಟ್ಟಗಾಯಿತು. ಕುಡಿತ ಮಾತ್ರ ಆಗೊಮ್ಮೆ ಈಗೊಮ್ಮೆ ಉಳಿಯಿತು.

ಅದನ್ನೂ ಬಿಡಿಸಬೇಕೆಂದು ಭಾಗಪ್ಪ ಶ್ರಾವಣದ ಹುಣ್ಣಿಮೆಯ ದಿನ ಮಗನನ್ನು ಓಣಿಯ ಬುದ್ಧ ವಿಹಾರಕ್ಕೆ ಕರೆದೊಯ್ದ. ನಲವತ್ತು ಜನ ಕೂತಿದ್ದರು. ಪಂಚಶೀಲದ ಐದನೆಯ ಮಾತು, ಅಂದರೆ ಮತ್ತು ತಂದು ಮೈಮರೆಸುವುದನ್ನು ಮುಟ್ಟುವುದಿಲ್ಲ ಎಂಬುದನ್ನು, ಮಗನಿಂದ ಮೂರು ಸಲ ಹೇಳಿಸಿದ.

“ಕಿಸೆದಾಗಿದ್ದದ್ದು ಎಲ್ಲಾ ತಗಿ,” ಎಂದ.

ಅರ್ಧ ಖಾಲಿಯಾದ ಬಾಟಲಿ ಬಂತು. ಎರಡು ಗುಟ್ಕಾ ಚೀಟಿ ಬಂದವು. ಕೊನೆಗೆ ಗುಳಿಗೆಯ ಎರಡು ಪಟ್ಟಿ.

“ಇವು ಡಾಕ್ಟರ ಕೊಟ್ಟದ್ದು ಯಪ್ಪಾ.”

“ಇವನ್ನ ತಗೊಂಡ್ರ ನಿದ್ದಿ ಬರತೈತಿ ಹೌದಿಲ್ಲೋ? ತಲಿ ಭಾರ ಆಗತೈತಿ ಹೌದಿಲ್ಲೋ? ಹಂಗಾದ್ರ ಇದೂ ನಶಾನ. ಬಿಡೂದಾದ್ರ ಎಲ್ಲಾ ಬಿಡು.”

ದೇವಾನಂದ ಪಟ್ಟಿಗಳನ್ನು ಸ್ವಲ್ಪ ಹೊತ್ತು ನೋಡಿ ಅಪ್ಪನ ಕೈಯಲ್ಲಿಟ್ಟ. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ರೇಣುಕಾ ಎದ್ದು ನಿಲ್ಲಲು ಹೋದಳು. ಅತ್ತೆ ರುಕ್ಮವ್ವ ಸೀರೆ ಹಿಡಿದು ಜಗ್ಗಿದಳು. “ಕೂಡ ಬೇ, ಮಂದಿ ನೋಡಾಕತ್ತಾರ.” ರೇಣುಕಾ ಕೂತಳು. ನಲವತ್ತು ಜನ ಚಪ್ಪಾಳೆ ತಟ್ಟಿದರು.

ಮೊದಲ ತಿಂಗಳು ಮನೆ ನಿಜಕ್ಕೂ ಚೆನ್ನಾಗಿತ್ತು. ದೇವಾನಂದ ಹೊತ್ತಿಗೆ ಸರಿಯಾಗಿ ಉಂಡ, ಮಗಳು ಸುಜಾತಾಳ ಜೊತೆ ಕೂತು ಗಣಿತ ಬಿಡಿಸಿದ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅವನ ತಲೆ ಏರತೊಡಗಿತು. ಸೂರ್ಯ ಮೂಡುವುದರೊಳಗೆ ಭಾಂಡೆ ತೊಳೆದು, ಕತ್ರಿಗಳನ್ನೆಲ್ಲ ಮಸೆದು, ಅಂಗಳಕ್ಕೆ ಎರಡು ಸಲ ನೀರು ಹೊಡೆದಿರುತ್ತಿದ್ದ. ಮಾತು ನಿಲ್ಲುತ್ತಿರಲಿಲ್ಲ. ರೊಟ್ಟಿಯ ಮೊದಲ ತುತ್ತು ಕೈಯಲ್ಲೇ ಒಣಗುತ್ತಿತ್ತು.

ಸೆಪ್ಟೆಂಬರ್ ಕೊನೆಯ ವಾರ ಒಂದು ಸಂಜೆ ಬೈಕಿನ ಹಿಂದೆ ದೊಡ್ಡ ಗಂಟು ಕಟ್ಟಿಕೊಂಡು ಬಂದ. ಬಿಚ್ಚಿದರೆ ನೀಲಿ ಅಂಗಿಗಳು. ಎಲ್ಲದರ ಬೆನ್ನ ಮೇಲೂ ಅವನದೇ ಹೆಸರು.

“ಎಷ್ಟ ಅದಾವ್ರಿ ಇವು?” ರೇಣುಕಾ ಕೇಳಿದಳು.

“ಅರವತ್ತು.”

“ನಿಮ್ಮ ಗ್ಯಾಂಗಿನ್ಯಾಗ ಇರೂದು ಹನ್ನೊಂದ ಮಂದಿ.”

“ಈಗ ಹನ್ನೊಂದು. ಬರೋ ತಿಂಗಳ ಅರವತ್ತು. ಜಿಲ್ಲೆದಾಗಿನ ಎಲ್ಲಾ ತೋಟ ನಾನ ಹಿಡಿಯಾಂವ. ಬಬಲೇಶ್ವರದ ಗುರಣ್ಣ ಸಾವಕಾರ್ರು ಹೂಂ ಅಂದಾರ, ಇನ್ನೂ ಎಂಟ ತೋಟಕ್ಕ ಒಂದ ವಾರದಾಗ ಮುಗಸ್ತೇನಿ ಅಂತ ನಾನ ಮಾತ ಕೊಟ್ಟೀನಿ.”

“ಒಂಬತ್ತ ತೋಟ ಒಂದ ವಾರದಾಗ ಹೆಂಗ್ರಿ?”

“ನಿನಗ ತಿಳಿಯೂದಿಲ್ಲ, ನೀ ಸುಮ್ಕಿರು. ಯವ್ವಾ, ಝುಣಕಾ ಮಾಡಿಯೇನು? ಸುಜಿ, ಒಂದ ಅಂಗಿ ಹಾಕ್ಕೊ. ಹಾಕ್ಕೊ, ಹಾಕ್ಕೊ!”

ಸುಜಾತಾ ಮೊಣಕಾಲ ತನಕ ಬರುವ ಅಂಗಿ ಹಾಕಿಕೊಂಡು ನಿಂತಳು. ಭಾಗಪ್ಪ ಕಟ್ಟೆಯ ಮೇಲೆ ಕೂತು ಮೀಸೆಯಡಿ ನಗುತ್ತಿದ್ದ. “ಮಾಡ್ಲಿ ಬಿಡ್ರೇ. ಕುಡದು ಗಟಾರದಾಗ ಬೀಳೂದಕ್ಕಿಂತ ಅಂಗಿ ತರೂದು ಚಲೋ.”

ಅದೇ ವಾರ ದಾನೇಶ್ವರಿ ಫೋನು ಮಾಡಿದಳು. “ವೈನೀ, ಅಣ್ಣಾ ಹೆಂಗದಾನ? ಗುಳಗಿ ತಗೊಂಡ ಹೋಗಾಕ ಎರಡ ತಿಂಗಳಿಂದ ಬಂದ ಇಲ್ಲಲ್ಲ?”

ರುಕ್ಮವ್ವ ಪಕ್ಕದಲ್ಲೇ ನಿಂತಿದ್ದಳು. ರೇಣುಕಾ ಹೇಳಿದಳು: “ಚಲೋ ಅದಾರ. ಇಲ್ಲೇ ತಿಕೋಟಾದಾಗ ತಗೋತಾರ.”

ಸುಳ್ಳು ಅಲ್ಲಿಂದ ಶುರುವಾಯಿತು ಎನ್ನುವುದು ಸರಿಯಲ್ಲ. ಚಪ್ಪಾಳೆಯ ದಿನ ರೇಣುಕಾ ಹೇಳಬೇಕಾದ್ದನ್ನು ನುಂಗಿ ಕೂತಾಗಲೇ ಶುರುವಾಗಿತ್ತು. ಇದು ಎರಡನೆಯದು. ಮೂರನೆಯದು ನಾಲ್ಕು ದಿನದಲ್ಲಿ ಬಂತು. ದೇವಾನಂದನ ಅಂಗಿ ಒಗೆಯುವಾಗ ರೇಣುಕಾಳ ಮೂಗಿಗೆ ವಾಸನೆ ಬಡಿಯಿತು. ಹಿತ್ತಲಲ್ಲಿ ಹಿಡಿದು ಕೇಳಿದಳು.

“ಮತ್ತ ಕುಡದೀರಿ?”

“ತಲಿ ಇಳೀವಲ್ತು ರೇಣಾ. ಗಿರಣಿ ಓಡಿದಂಗ ಓಡಾಕತ್ತೈತಿ. ಅಷ್ಟ ಹಾಕಿದ್ರ ಒಂದ ತಾಸ ಕಣ್ಣ ಮುಚ್ಚತಾವು. ಅಪ್ಪಗ ಹೇಳಬ್ಯಾಡ. ಅಂವ ಸಾಯ್ತಾನ.”

ಹೇಳಲಿಲ್ಲ. ಒಂದು ತಾಸಿನ ನಿದ್ದೆ ಆಮೇಲೆ ಅರ್ಧ ತಾಸಾಯಿತು, ಅರ್ಧ ಬಾಟಲಿ ಪೂರ್ತಿ ಬಾಟಲಿಯಾಯಿತು. ಬೆಳಗಿನ ಹೊತ್ತು ಅವನ ಕಣ್ಣು ಕೆಂಡದ ಹಾಗಿರುತ್ತಿದ್ದವು. ಭಾಗಪ್ಪ ಮಾತ್ರ ಚಹಾದಂಗಡಿಯಲ್ಲಿ ಎಣಿಸುತ್ತಲೇ ಇದ್ದ.

ಅಕ್ಟೋಬರ್ ಮೊದಲ ಸೋಮವಾರ ಗ್ಯಾಂಗು ಬಬಲೇಶ್ವರದ ಗುರಣ್ಣನ ತೋಟಕ್ಕೆ ಇಳಿಯಿತು. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿಯನ್ನು ಬುಡದ ಹತ್ತಿರ ಕತ್ತರಿಸುತ್ತಾರೆ, ಬಳ್ಳಿ ಹೊಸ ಕಡ್ಡಿ ಬಿಡಲಿ ಎಂದು. ಅಕ್ಟೋಬರ್‌ನಲ್ಲಿ ಹಣ್ಣಿರುವ ಕಣ್ಣುಗಳನ್ನು ಉಳಿಸಿ ತುದಿ ಮಾತ್ರ ಕತ್ತರಿಸುತ್ತಾರೆ. ಈ ಊರುಗಳಲ್ಲಿ ಸಾಲೆಗೆ ಹೋಗುವ ಹುಡುಗಿಗೂ ಗೊತ್ತಿರುವ ಸಂಗತಿ. ಅವತ್ತು ದೇವಾನಂದ ಕುಡಿದೇ ತೋಟಕ್ಕೆ ಬಂದಿದ್ದ. ಮೊದಲ ಸಾಲಿಗೆ ಕತ್ರಿ ಹಾಕಿದವನು ಎಲ್ಲ ಕಡ್ಡಿಯನ್ನೂ ಬುಡಕ್ಕೆ ಕತ್ತರಿಸುತ್ತ ಹೊರಟ.

“ಲೇ ದೇವ್ಯಾ, ಏನ ಮಾಡಾಕತ್ತಿ? ಇದು ಏಪ್ರಿಲ್ ಅಲ್ಲೋ!” ಅಯೂಬ ಕೂಗಿದ.

“ನಂದು ಹೊಸಾ ಪದ್ಧತಿ. ಎರಡ ಪಟ್ಟ ಹಣ್ಣ ಬರತೈತಿ. ನಲವತ್ತ ವರ್ಷ ನಮ್ಮಪ್ಪ ತಪ್ಪ ಮಾಡ್ಯಾನ, ನಾ ತೋರಸ್ತೇನಿ!”

ಹತ್ತಿರ ಹೋದವರ ಮುಖದ ಮುಂದೆ ಕತ್ರಿ ಆಡಿಸಿದ. ಮೂರು ಸಾಲು ಮುಗಿದಿದ್ದವು, ಅಷ್ಟರಲ್ಲಿ ಅಯೂಬ ಹಿಂದಿನಿಂದ ಬಂದು ಅವನನ್ನು ತಬ್ಬಿ ಹಿಡಿದು ನೆಲಕ್ಕೆ ಕೆಡವಿದ. ಗುರಣ್ಣ ಓಡಿ ಬಂದು ನೋಡಿದ. ಮೂರು ಸಾಲು ಬಳ್ಳಿ ಬೋಳಾಗಿ ನಿಂತಿದ್ದವು. ಈ ವರ್ಷ ಅವುಗಳಲ್ಲಿ ಒಂದು ಗೊನೆಯೂ ಬರುವುದಿಲ್ಲ.

ಮನೆಗೆ ತಂದಾಗ ಭಾಗಪ್ಪ ಅಂಗಳದಲ್ಲಿ ನಿಂತಿದ್ದ. ಮಗನ ಬಾಯಿಯ ವಾಸನೆ ಹತ್ತು ಹೆಜ್ಜೆ ದೂರದಿಂದ ಬಂತು.

“ಒಳಗ ಬರಬ್ಯಾಡ. ವಿಹಾರದಾಗ ಕೊಟ್ಟ ಮಾತು ತಿಂದ ಹೆಸರಗೇಡಿ, ಈ ಹೊಸ್ತಿಲಾ ದಾಟಬ್ಯಾಡ!”

ದೇವಾನಂದ ಹೊಸ್ತಿಲ ಹೊರಗೆ ಕೂತು ಜೋರಾಗಿ ನಗತೊಡಗಿದ, ನಗುತ್ತಲೇ ಅಳತೊಡಗಿದ. ಓಣಿಯ ಜನ ಬಾಗಿಲುಗಳಲ್ಲಿ ನಿಂತರು. ಸುಜಾತಾ ಅಡುಗೆಮನೆಯ ಮೂಲೆಗೆ ಹೋಗಿ ಫೋನು ಹಚ್ಚಿದಳು. “ಅತ್ತಿ, ಲಗೂನ ಬಾ. ಅಪ್ಪ ಗುಳಗಿ ಬಿಟ್ಟಾನ. ಮುತ್ಯಾನ ಕಸಗೊಂಡಾನ.”

ದಾನೇಶ್ವರಿ ಕೆಲಸದಿಂದ ಹಾಗೇ ಎದ್ದು ಮುಂದಿನ ಬಸ್ಸಿಗೆ ಬಂದಳು. ಅವಳಿಗೆ ಸಿಟ್ಟು ಅಪ್ಪನದೇ, ಗಂಟಲೂ ಅಪ್ಪನದೇ.

“ಎಂದ ಬಿಟ್ಟಾನ ಗುಳಗಿ?”

ರೇಣುಕಾ ಮಗಳನ್ನು ಹತ್ತಿರ ಎಳೆದುಕೊಂಡಳು.

“ನಾ ಕೇಳಾಕತ್ತೇನಿ! ವೈನೀ, ಫೋನಿನ್ಯಾಗ ಏನ ಹೇಳಿದಿ ನನಗ?”

“ಶ್ರಾವಣ ಹುಣ್ಣಿವಿಗೆ,” ಎಂದಳು ರೇಣುಕಾ ತಲೆ ಎತ್ತದೆ. “ಮಾವಾರು ಅವೂ ನಶಾನ ಅಂದ್ರು.”

ದಾನೇಶ್ವರಿ ಅಪ್ಪನ ಕಡೆ ತಿರುಗಿದಳು. “ನಿನಗ ಯಾವ ಕಾಲೇಜಿನ್ಯಾಗ ಡಾಕ್ಟರಕಿ ಕಲಿಸ್ಯಾರ ಯಪ್ಪಾ?”

“ನಾಲಿಗಿ ಹಿಡಿ ದಾನವ್ವ. ಕುಡದು ಬಂದಾಂವ ಅಂವ. ನನಗೇನ ಕೇಳ್ತಿ?”

“ಕುಡದಾನ ಯಾಕ? ಅದನ್ನ ಕೇಳ್ದಿ? ನಿನ್ನ ಬಿಪಿ ಗುಳಗಿ ನಾಳೆ ನಾ ಗಟಾರಕ್ಕ ಚೆಲ್ಲತೇನಿ, ನಡೀತೈತಿ?”

“ಅದು ತಲಿ ಭಾರ ಮಾಡೂದಿಲ್ಲ!”

“ಏ, ಸಾಕ ಮಾಡ್ರಿ ಇಬ್ಬರೂ!” ರುಕ್ಮವ್ವ ನಡುವೆ ಬಂದಳು. “ಮಗಾ ಹೊರಗ ಕುಂತಾನ. ಮೊದಲ ಅವನ್ನ ಕರಕೊಂಡ ನಡೀರಿ.”

ವಿಜಯಪುರದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟುಕೊಂಡರು. ರೇಣುಕಾ ಒಣದ್ರಾಕ್ಷಿ ಆರಿಸುವ ಕೂಲಿ ಬಿಟ್ಟು ಅಲ್ಲೇ ಉಳಿದಳು. ರುಕ್ಮವ್ವ ದಿನಾ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿನಲ್ಲಿ ಕಳಿಸಿದಳು. ದಾನೇಶ್ವರಿ ಕೆಲಸ ಮುಗಿಸಿ ಅಥಣಿ ರಸ್ತೆಯ ತನ್ನ ಬಾಡಿಗೆ ಕೋಣೆಗೆ ಹೋಗುವ ಮೊದಲು ಬಂದು ಅಣ್ಣನ ಕಾಲ ಹತ್ತಿರ ಕೂರುತ್ತಿದ್ದಳು. ಮೂರನೆಯ ದಿನ ಭಾಗಪ್ಪನೂ ಬಂದ. ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ನೇರ ಮಾತಿನವರು.

“ಯಜಮಾನ್ರ, ನಿಮ್ಮ ಮಗಗ ಬ್ಯಾನಿ ಎರಡು ಅದಾವ್ರಿ. ತಲಿ ಏರೂದು ಒಂದು, ಕುಡಿತ ಒಂದು. ತಲಿ ಏರಿದಾಗ ಇಳಸಾಕ ಕುಡೀತಾರ. ಕುಡಿದ್ರ ಇಳಿಯೂದಿಲ್ಲ, ಇದ್ದ ನಿದ್ದಿನೂ ಕೆಟ್ಟು ಮತ್ತಷ್ಟ ಏರತೈತಿ. ಒಂದನ್ನ ಬಿಟ್ಟು ಒಂದಕ್ಕ ಔಷಧ ಮಾಡಾಕ ಆಗೂದಿಲ್ಲ. ಕುಡಿತ ಬಿಡಿಸಿದ್ದು ಬಾಳ ಚಲೋ ಮಾಡೀರಿ. ಆದ್ರ ಗುಳಗಿ ಬಿಡಿಸಿದ್ದು ಯಾರು?”

ದಾನೇಶ್ವರಿ ಅಪ್ಪನನ್ನು ನೋಡಿದಳು. ಭಾಗಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.

“ಹೋಗ್ಲಿ ಬಿಡ್ರಿ,” ಎಂದರು ಡಾಕ್ಟರು. “ಇನ್ನ ಮುಂದ ಒಂದ ದಿನಾನೂ ತಪ್ಪಬಾರ್ದು. ತಪ್ಪಿದ್ರ ಮತ್ತ ಇಲ್ಲೇ ಬರತಾರ. ಮುಂದಿನ ಸಲ ಕತ್ರಿ ಬಳ್ಳಿಗೆ ಹಾಕ್ತಾರೋ ಮಂದಿಗೆ ಹಾಕ್ತಾರೋ ಹೇಳಾಕ ಬರೂದಿಲ್ಲ.”

ವಾಪಸು ಬರುವಾಗ ಭಾಗಪ್ಪ ಬಬಲೇಶ್ವರಕ್ಕೆ ಹೋಗಿ ಗುರಣ್ಣನ ಎದುರು ನಿಂತ.

“ನಿನ್ನ ಹೆಸರ ನೋಡಿ ತೋಟಾ ಕೊಟ್ಟಿದ್ನಿ ಭಾಗಪ್ಪ.”

“ಬರೂ ಏಪ್ರಿಲ್‌ದಾಗ ಆ ಮೂರೂ ಸಾಲು ನಾನ ಬಂದ ಮಾಡ್ತೇನ್ರಿ. ಕೂಲಿ ಬ್ಯಾಡ.”

“ಅದಿರ್ಲಿ. ಯಾಕ ಹಂಗ ಮಾಡಿದ ಅಂವ?”

“ಕುಡದಿದ್ದ್ರೀ,” ಎಂದ ಭಾಗಪ್ಪ. ಅಷ್ಟೇ ಹೇಳಿದ. ಬಸ್ಸಿನಲ್ಲಿ ಕಂಡಕ್ಟರು ಎರಡು ಸಲ ಟಿಕೆಟ್ ಕೇಳಬೇಕಾಯಿತು.

ಶುಕ್ರವಾರ ಮಧ್ಯಾಹ್ನ ದೇವಾನಂದ ಮನೆಗೆ ಬಂದ. ಮುಖ ಇಳಿದಿತ್ತು, ಕಣ್ಣು ತಿಳಿಯಾಗಿದ್ದವು. ರುಕ್ಮವ್ವ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ಎರಡು ರೊಟ್ಟಿ ಉಂಡ. ಊಟದ ಮೇಲೆ ರೇಣುಕಾ ಗುಳಿಗೆ ತಂದು ಗಂಗಾಳದ ಪಕ್ಕ ಇಟ್ಟಳು. ಅವನು ಸರಿಸಿದ.

“ಬ್ಯಾಡ.”

“ದವಾಖಾನ್ಯಾಗ ತಗೊಂಡೀರೆಲ್ರಿ?”

“ಅಲ್ಲಿ ನನ್ನ ಮಾತ ಯಾರ ಕೇಳ್ತಿದ್ರು? ಇದು ನಮ್ಮ ಮನಿ. ನಲವತ್ತ ಮಂದಿ ಮುಂದ ಬಿಡ್ತೇನಿ ಅಂದೀನಿ. ಕುಡದು ಒಮ್ಮೆ ಮುರದೀನಿ. ಎರಡನೇ ಸಲ ಮುರಿಯೂದಿಲ್ಲ. ನಾ ಭಾಗಪ್ಪನ ಮಗ ಅದೀನಿ.”

ಕಟ್ಟೆಯ ಮೇಲಿದ್ದ ಭಾಗಪ್ಪನಿಗೆ ಇದು ಕೇಳಿಸಿತು. ಬೇರೆ ದಿನವಾಗಿದ್ದರೆ ಎದೆ ಉಬ್ಬುತ್ತಿತ್ತು. ಒಳಗೆ ಬಂದು, “ತಗೋ ಮಾರಾಯ, ನಾನ ಹೇಳಾಕತ್ತೇನಿ,” ಎಂದ.

“ಮನ್ಯಾಗ ಹೇಳಿದ್ರ ನಡಿಯೂದಿಲ್ಲ ಯಪ್ಪಾ. ಮಂದಿ ಮುಂದ ಬಿಡಿಸೀದಿ. ನಾ ಕದ್ದು ತಗೊಂಡ್ರ ನಾಳೆ ಓಣ್ಯಾಗ ಏನಂತಾರ? ಭಾಗಪ್ಪನ ಮಗ ಮತ್ತ ನಶಾಕ್ಕ ಬಿದ್ದ ಅಂತಾರ.”

ಶುಕ್ರವಾರ ಗುಳಿಗೆ ತೆಗೆದುಕೊಳ್ಳಲಿಲ್ಲ. ಶನಿವಾರ ಮುಂಜಾನೆಯೂ ಇಲ್ಲ. ಮಧ್ಯಾಹ್ನ ದಾನೇಶ್ವರಿ ರಜೆ ಹಾಕಿ ಬಂದಳು. ಅಷ್ಟರಲ್ಲಿ ದೇವಾನಂದ ಹಿತ್ತಲಲ್ಲಿ ಕತ್ರಿ ಮಸೆಯುತ್ತ ಕೂತಿದ್ದ, ಮಸೆದದ್ದನ್ನೇ ಮತ್ತೆ ಮಸೆಯುತ್ತಿದ್ದ.

“ವಿಹಾರದಾಗ ಹೇಳಾಕ ಹುಣ್ಣಿವಿ ತನಕ ಕಾಯಾಕ ಆಗೂದಿಲ್ಲ,” ಎಂದಳು ದಾನೇಶ್ವರಿ ಅಪ್ಪನಿಗೆ. “ನಾಳೆ ಆಯಿತವಾರ. ವಂದನಾಕ್ಕ ಮಂದಿ ಬರತಾರ. ನಾಳೆನ ಹೇಳು.”

“ಏನಂತ ಹೇಳ್ಲಿ?”

“ತಪ್ಪ ಮಾಡೀನಿ ಅಂತ ಹೇಳು.”

“ನಾನೇನು ತಪ್ಪ ಮಾಡ್ಬೇಕಂತ ಮಾಡೀನೇನು? ಅವನ ಒಳ್ಳೇದಕ್ಕ ಮಾಡೀನಿ! ನನ್ನ ಹಿಂದ ಎಷ್ಟ ಮಂದಿ ಕುಡಿತ ಬಿಟ್ಟಾರ ಗೊತ್ತೈತಿ? ನಾಳೆ ಅವರೆಲ್ಲಾ ನನ್ನ ಮಾತಿಗೆ ಏನ ಬೆಲಿ ಕೊಡ್ತಾರ?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರುಕ್ಮವ್ವ ಕೈ ನಿಲ್ಲಿಸಿದಳು. ನಲವತ್ತೈದು ವರ್ಷದಲ್ಲಿ ಅವಳು ಗಂಡನ ಮಾತಿಗೆ ಅಡ್ಡ ಬಂದದ್ದು ಕಡಿಮೆ.

“ನನಗ ಓದಾಕ ಬರೂದಿಲ್ಲ. ಆದ್ರ ಆ ಐದೂ ಮಾತು ನಾನೂ ಇಷ್ಟ ವರ್ಷ ಹೇಳೀನಿ. ಮೈಮರಸೂದನ್ನ ಮುಟ್ಟಬ್ಯಾಡ ಅಂತ ಐತಿ. ಕುಡದಾಗ ಇಂವ ಮೈಮರೀತಾನ, ಮಗಳನ್ನೂ ಮರೀತಾನ. ಗುಳಗಿ ತಗೊಂಡಾಗ ಅಕಿ ಜೋಡಿ ಕುಂತು ಲೆಕ್ಕಾ ಮಾಡ್ತಾನ. ಯಾವ್ದು ನಶಾ, ನೀನ ಹೇಳು.”

ಭಾಗಪ್ಪ ಹಿತ್ತಲ ಕಡೆ ತಿರುಗಿದ; ಕತ್ರಿ ಮಸೆಯುವ ಸದ್ದು ನಿಂತಿರಲಿಲ್ಲ.

“ಅವತ್ತ ಸೊಸಿ ಎದ್ದಿದ್ಲು. ನಾನ ಸೀರಿ ಜಗ್ಗಿ ಕೂಡ್ಸೀನಿ. ನಂದೂ ತಪ್ಪೈತಿ. ರೇಣುಕಾ, ನನ್ನ ತಪ್ಪಾತ ಬೇ. ನೋಡು, ಹೇಳೀನಿ. ನನ್ನ ಬಾಯೇನ ಸವದಿಲ್ಲ.”

ಮತ್ತೆ ರೊಟ್ಟಿ ಬಡಿಯತೊಡಗಿದಳು. ಭಾಗಪ್ಪ ಆ ದಿನ ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನೇ ಎಲ್ಲರಿಗಿಂತ ಮೊದಲು ಬಿಳಿ ಅಂಗಿ ಹಾಕಿ ಹೊರಟ. ದಾರಿಯಲ್ಲಿ ಸಿಕ್ಕವರನ್ನೆಲ್ಲ, “ಬರ್ರಿ ಇವತ್ತ, ಕೆಲಸೈತಿ,” ಎಂದು ಕರೆದ. ಅಯೂಬನ ಮನೆಯ ಮುಂದೆ ನಿಂತು ಅವನನ್ನೂ ಎಬ್ಬಿಸಿದ. ಶ್ರಾವಣದಲ್ಲಿ ಬಂದವರಿಗಿಂತ ಹೆಚ್ಚೇ ಜನ ಕೂಡಿದರು. ಅಯೂಬ ಬಾಗಿಲಲ್ಲಿ ನಿಂತ. ವಂದನೆ ನಡೆಸುವ ರಾಹುಲ ಮಾಸ್ತರರು ಮುಗಿಸಿ ಕೂರುವ ಮೊದಲೇ ಭಾಗಪ್ಪ ಎದ್ದ.

“ಒಂದ ಮಾತೈತಿ. ಶ್ರಾವಣ ಹುಣ್ಣಿವಿಗೆ ಇದ ಜಾಗಾದಾಗ ನಾ ನನ್ನ ಮಗನ ಕುಡಿತ ಬಿಡಿಸಿದ್ನಿ. ಅದು ಸರಿ ಮಾಡೀನಿ. ಇನ್ನೂ ಹತ್ತ ಸಲ ಬಿಡಸ್ತೇನಿ. ಅದರ ಜೋಡಿ ಅವನ ಗುಳಗಿ ಕಸಗೊಂಡ್ನಿ.” ಅವನು ಒಮ್ಮೆ ಕೆಮ್ಮಿದ. “ಅದು ತಪ್ಪ ಮಾಡೀನಿ. ಗುಳಗಿ ಬಿಟ್ಟದ್ದಕ್ಕ ಅವನ ತಲಿ ಏರಿತು. ಏರಿದ್ದನ್ನ ಇಳಸಾಕ ಅಂವ ಮತ್ತ ಕುಡದ. ಗುರಣ್ಣ ಸಾವಕಾರ್ರ ಮೂರ ಸಾಲ ಕೆಡಿಸಿದ್ದು ಕತ್ರಿ ಹಿಡಿದ ಕೈ ಒಂದ ಅಲ್ಲ. ನಾ ಅವರಿಗೆ ಬರೇ ಕುಡದಿದ್ದ ಅಂತ ಹೇಳಿ ಬಂದೀನಿ. ನಾಳೆ ಹೋಗಿ ಉಳಿದದ್ದೂ ಹೇಳ್ತೇನಿ.”

ಮುಂದಿನ ಸಾಲಿನ ಒಬ್ಬ ಮುದುಕ ಕೇಳಿದ: “ಹಂಗಾದ್ರ ನಿನ್ನ ಮಗಗ ತಲಿ ಕೆಟ್ಟೈತಂತ ನೀನ ಊರ ಮುಂದ ಹೇಳಿದಂಗಾತಲ್ಲೋ ಭಾಗಪ್ಪ?”

ಭಾಗಪ್ಪನ ಹಳೆಯ ಸಿಟ್ಟು ಒಂದೇ ಏಟಿಗೆ ಮೇಲೆ ಬಂತು.

“ಹೌದು, ಹೇಳೀನಿ! ಬ್ಯಾನಿ ಐತಿ, ಔಷಧಾನೂ ಐತಿ, ತಗೋತಾನ. ಎರಡ ಗುಳಗಿ, ದಿನಾ. ನಿನ್ನ ಮನಿ ಮುಂದ ಕುಂತು ತಗೋತಾನ, ನೋಡಾವ್ರಿದ್ರ ಬಾ! ಐದನೇ ಮಾತು ನನಗ ಹೇಳಿಕೊಡಬ್ಯಾಡ. ಮೈಮರೀಬ್ಯಾಡ ಅಂತ ಐತಿ. ಮೈಮೇಲೆ ಖಬರ ಇರಲಿ ಅಂತ ತಗೊಳ್ಳೂದು ಇದು. ಇದನ್ನ ತಗೊಂಡದ್ದಕ್ಕ ನನ್ನ ಮಗಗ ಯಾವನರೆ ನಶಾಕೋರ ಅಂದ್ರ ಅವನ ಜೋಡಿ ನಾ ಬಡದಾಡ್ತೇನಿ.”

“ವಿಹಾರದಾಗ ಬಡದಾಟದ ಮಾತ ಬ್ಯಾಡ್ರಿ,” ಎಂದರು ರಾಹುಲ ಮಾಸ್ತರರು. ಹೆಂಗಸರ ಸಾಲಿನಲ್ಲಿ ನಗು ಎದ್ದಿತು.

“ಹೊರಗ ಬಡದಾಡ್ತೇನ್ರಿ ಸರ,” ಎಂದ ಭಾಗಪ್ಪ. ಆಮೇಲೆ ಮಗನ ಕಡೆ ತಿರುಗಿದ. ಧ್ವನಿ ತಗ್ಗಿತು. “ದೇವ್ಯಾ, ನನ್ನ ತಪ್ಪಾತಪಾ. ಕುಡಿತದ ಮಾತು ಇರಲಿ. ಗುಳಗಿ ಮಾತು ನಾ ತಿರುಗಿ ತಗೊಂಡೀನಿ. ಎದ್ದ ಬಾ.”

ದೇವಾನಂದ ಎದ್ದು ಬಂದ. ರೇಣುಕಾ ಹೆಂಗಸರ ಸಾಲಿನಿಂದ ಎದ್ದಳು. ಈ ಸಲ ಅವಳನ್ನು ಯಾರೂ ತಡೆಯಲಿಲ್ಲ. ನೀರಿನ ಲೋಟ, ಎರಡು ಗುಳಿಗೆ ತಂದು ಗಂಡನ ಕೈಯಲ್ಲಿಟ್ಟಳು. ಅವನು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ ನೀರು ಕುಡಿದ.

“ಬಾಯಿ ತೆರಿ,” ಎಂದ ಭಾಗಪ್ಪ. ಆಸ್ಪತ್ರೆಯಲ್ಲಿ ನರ್ಸುಗಳು ಹಾಗೆ ನೋಡುವುದನ್ನು ಕಂಡು ಬಂದಿದ್ದ.

“ಯಪ್ಪಾ, ಮಂದಿ ಅದಾರ.”

“ಇರ್ಲಿ. ತೆರಿ.”

ಮೂವತ್ತೆಂಟು ವರ್ಷದ ದೇವಾನಂದ ಐವತ್ತು ಜನರ ಮುಂದೆ ಬಾಯಿ ತೆರೆದ. ಭಾಗಪ್ಪ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ನಾಲಿಗೆಯ ಮೇಲೆ ನೋಡಿದ, ಕೆಳಗೆ ನೋಡಿದ. ಬಾಗಿಲಲ್ಲಿ ಅಯೂಬನಿಗೆ ನಗು ತಡೆಯಲಾಗಲಿಲ್ಲ. ಅವನ ನಗುವಿಗೆ ಸುಜಾತಾ ನಕ್ಕಳು, ಬಾಯಿ ತೆರೆದುಕೊಂಡೇ ದೇವಾನಂದನೂ ನಕ್ಕ.

ಭಾಗಪ್ಪ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಜನರ ಕಡೆ ತಿರುಗಿ, ಓಣಿಯ ಆಚೆ ಕೊನೆಗೂ ಕೇಳುವ ಹಾಗೆ ಹೇಳಿದ:

“ನುಂಗ್ಯಾನ!”

ಆಮೇಲೆ ಮಗನ ಹೆಗಲ ಮೇಲೆ ಕೈ ಹಾಕಿ, ಗಂಡಸರ ಮೊದಲ ಸಾಲಿನಲ್ಲಿ ಎಲ್ಲರನ್ನೂ ಸರಿಸಿ ಜಾಗ ಮಾಡಿಸಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡ.